ಮಳೆ, ಕರೆಂಟು, ಕಂಪ್ಯೂಟರ್ ರೂಮು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೈಸ್ಕೂಲಲ್ಲಿ ಕಂಪ್ಯೂಟರ್ ಇಟ್ಕೊಂಡು ಪಾಠ ಮಾಡೋ ಬಗ್ಗೆ ಪ್ರಶ್ನೆ ಕಳ್ಸಿ ಅಂದಿದ್ದಕ್ಕೆ ಕೊಡಗಿನ ಎಲ್ಲಾ ಕಡೆಯಿಂದ ಪತ್ರ, ವಾಟ್ಸಾಪ್ ಬಂದಿವೆ. ಒಂದೇ ಥರದ್ದನ್ನ ಒಟ್ಟು ಮಾಡಿದ್ದೀನಿ. ಹೆಸರು ಹಾಕ್ಬೇಡಿ ಅಂದವರೇ ಜಾಸ್ತಿ ಇದ್ದಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಮ್ಮ ಲ್ಯಾಬಲ್ಲಿ ಹತ್ತು ಕಂಪ್ಯೂಟರ್ ಇವೆ, ಓಡೋದು ಆರು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ನೆಟ್ ಅನ್ನೋದು ದೇವರಿದ್ದ ಹಾಗೆ, ಇದೆ ಅಂತಾರೆ, ಕಂಡವರಿಲ್ಲ. ತರಬೇತಿಗೆ ಹೋದಾಗ ತೋರಿಸಿದ್ದೆಲ್ಲಾ ಆನ್‌ಲೈನಲ್ಲೇ ಇತ್ತು. ಇಲ್ಲಿ ಏನ್ ಮಾಡ್ಲಿ?
– ಗಣಿತ ಶಿಕ್ಷಕಿ, ಭಾಗಮಂಡಲ ಹತ್ತಿರ

ಉತ್ತರ: ಮೇಡಂ, ನೆಟ್ ಇಲ್ಲ ಅಂದ್ರೆ ಲ್ಯಾಬೂ ಇಲ್ಲ ಅನ್ನೋ ಲೆಕ್ಕ ಮೊದಲು ಬಿಡಿ. ಕೊಡಗಲ್ಲಿ ಮರ ಬಿದ್ದು ಲೈನ್ ಹೋದ್ರೆ ಕರೆಂಟ್ ಯಾವಾಗ ಬರುತ್ತೆ ಅಂತ ಸೆಸ್ಕ್‌ನವರಿಗೇ ಗೊತ್ತಿರಲ್ಲ, ಇನ್ನು ಟವರ್ ಕಥೆ ಕೇಳೋದೇ ಬೇಡ. ಅದಕ್ಕೇ ನಾನು ಹೇಳೋದು, ನಮ್ಮ ಜಿಲ್ಲೆಯ ಶಾಲೆಗೆ ಬೇಕಾಗಿರೋದು ನೆಟ್ ಇದ್ರೆ ಮಾತ್ರ ನಡೆಯೋ ಪಾಠ ಅಲ್ಲ, ಮೇ ತಿಂಗಳಲ್ಲೇ ಡೌನ್‌ಲೋಡ್ ಮಾಡಿ ಇಟ್ಕೊಂಡು ಮಳೆಗಾಲ ಪೂರ್ತಿ ಓಡಿಸೋ ಪಾಠ. ಅಕ್ಕಿ ಬೇಳೆ ತುಂಬಿಸಿಟ್ಕೊಳ್ಳಲ್ವಾ, ಇದೂ ಅಷ್ಟೇ.

ಏನೇನ್ ಇಟ್ಕೋಬೇಕು ಅಂದ್ರೆ, ನಿಮ್ಮ ಸಬ್ಜೆಕ್ಟ್‌ಗೆ ಗ್ರಾಫ್, ಆಕೃತಿ ಬಿಡಿಸೋ ಜಿಯೋಜೀಬ್ರಾ ಸಾಫ್ಟ್‌ವೇರ್ ಮೊದಲು. ಹಳೇ ಮೆಷಿನ್ ಆದ್ರೆ ಕ್ಲಾಸಿಕ್ 5 ಅನ್ನೋದನ್ನೇ ಹಾಕ್ಕೊಳ್ಳಿ, ಒಂದ್ಸಲ ಇನ್‌ಸ್ಟಾಲ್ ಆದ್ಮೇಲೆ ನೆಟ್ ಕೇಳಲ್ಲ. ಸೈನ್ಸ್‌ನವರಿಗೆ ಫೆಟ್ ಇದೆ, ಪ್ರಯೋಗಗಳನ್ನ ಕಂಪ್ಯೂಟರ್ ಪರದೆ ಮೇಲೇ ಮಾಡಿ ನೋಡೋ ಸಿಮ್ಯುಲೇಶನ್‌ಗಳು, ಅಮೆರಿಕದ ಕೊಲೊರಾಡೋ ಯೂನಿವರ್ಸಿಟಿಯವರದ್ದು, ನೊಬೆಲ್ ಬಂದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಅದರ ಒಂದೊಂದು ಸಿಮ್ಯುಲೇಶನ್ನೂ ಒಂದೇ ಒಂದು ಫೈಲ್ ಆಗಿ ಇಳಿಯುತ್ತೆ, ಪೆನ್‌ಡ್ರೈವಲ್ಲಿ ಹಾಕಿ ಎಲ್ಲಾ ಕಂಪ್ಯೂಟರ್‌ಗೂ ಕಾಪಿ ಮಾಡಿದ್ರೆ ಬ್ರೌಸರಲ್ಲಿ ಓಪನ್ ಆಗುತ್ತೆ, ಕೆಲವು ಕನ್ನಡದಲ್ಲೂ ಸಿಗ್ತವೆ. ಆಮೇಲೆ ಕಿವಿಕ್ಸ್ ಅಂತ ಒಂದಿದೆ, ಇಡೀ ಕನ್ನಡ ವಿಕಿಪೀಡಿಯಾನ ಒಂದು ಫೈಲ್ ಮಾಡಿ ಕೊಡುತ್ತೆ, ಒಂದು ಕಂಪ್ಯೂಟರಲ್ಲಿ ಹಾಕಿದ್ರೆ ಲ್ಯಾಬಿನ ಮಿಕ್ಕ ಕಂಪ್ಯೂಟರ್‌ಗಳು ಕೇಬಲ್ ಮೂಲಕ ಅದನ್ನೇ ಓದ್ಬಹುದು. ಟೆಕ್ಸ್ಟ್‌ಬುಕ್ ಪಿಡಿಎಫ್‌ಗಳನ್ನ ಮರೀಬೇಡಿ. ದೀಕ್ಷಾ ಆಪಲ್ಲಿ ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಬರೋ ವೀಡಿಯೋಗಳನ್ನೂ ನಿಮ್ಮ ಫೋನಿಗೆ ಇಳಿಸಿಟ್ಕೋಬಹುದು.

ಇನ್ನು ಆರು ಕಂಪ್ಯೂಟರಲ್ಲಿ ಹೇಗೆ ಪಾಠ ಮಾಡೋದು ಅಂತ. ಹತ್ತನೇ ಕ್ಲಾಸಿನ ಬಹುಪದೋಕ್ತಿ ಪಾಠ ತಗೊಳ್ಳಿ. ಎಕ್ಸ್ ವರ್ಗ ಮೈನಸ್ 4 ಎಕ್ಸ್ ಪ್ಲಸ್ ಸಿ, ಈ ಸಿ ಜಾಗದಲ್ಲಿ ಒಂದು ಸ್ಲೈಡರ್ ಹಾಕಿ, ಮೌಸಲ್ಲಿ ಎಳೆದ ಹಾಗೆ ಸಿ ಬೆಲೆ ಬದಲಾಗುತ್ತೆ. ಸಿ 3 ಇದ್ದಾಗ ಗೆರೆ ಎಕ್ಸ್ ಅಕ್ಷವನ್ನ 1ರಲ್ಲಿ ಮತ್ತೆ 3ರಲ್ಲಿ ಕಡಿಯುತ್ತೆ, 4ಕ್ಕೆ ಎಳೆದ್ರೆ ಪರವಲಯ ಮೇಲೆದ್ದು 2ರ ಹತ್ರ ಬರೀ ತಾಗಿ ನಿಲ್ಲುತ್ತೆ, 5ಕ್ಕೆ ಎಳೆದ್ರೆ ಅಕ್ಷನ ಬಿಟ್ಟು ಮೇಲೆ ಹೋಗ್ಬಿಡುತ್ತೆ. ಎರಡು ಶೂನ್ಯತೆ, ಒಂದೇ ಶೂನ್ಯತೆ, ಶೂನ್ಯತೆ ಇಲ್ಲ ಅನ್ನೋ ಮೂರೂ ಒಂದು ನಿಮಿಷದಲ್ಲಿ ಕಣ್ಣ ಮುಂದೆ ಬಂತು. ಬೋರ್ಡ್ ಮೇಲೆ ಮೂರು ಗ್ರಾಫ್ ಬಿಡಿಸೋಕೆ ಒಂದು ಪೀರಿಯಡ್ ಬೇಕು, ಅದೂ ನಮ್ಮ ಕೈಬರಹದ ಪರವಲಯ ಹೇಗಿರುತ್ತೆ ಅಂತ ಗೊತ್ತಲ್ಲ. ಆದ್ರೆ ಒಂದು ಷರತ್ತು, ಸ್ಲೈಡರ್ ಮುಟ್ಟೋ ಮೊದಲು ಪ್ರತಿ ಮಗುನೂ ನೋಟ್‌ಬುಕ್ಕಲ್ಲಿ 'ಸಿ 5 ಆದ್ರೆ ಏನಾಗುತ್ತೆ' ಅಂತ ಊಹೆ ಬರೀಬೇಕು. ಊಹೆ ಬರೀದೆ ನೋಡಿದ್ರೆ ಅದು ಸಿನಿಮಾ ಆಗುತ್ತೆ, ಆಹಾ ಅಂತ ನೋಡಿ ಎದ್ದು ಹೋಗ್ತಾರೆ.

ಒಂದು ಕಂಪ್ಯೂಟರ್‌ಗೆ ಮೂರು ಜನ ಅಥವಾ ನಾಲ್ಕು ಜನ ಕೂತ್ರೆ ಯಾರೋ ಒಬ್ಬ ಜೋರಿನ ಹುಡುಗ ಮೌಸ್ ಹಿಡ್ಕೊಂಡು ಕೂತ್ಬಿಡ್ತಾನೆ, ಹುಡುಗೀರು ಹಿಂದೆ ನಿಂತು ನೋಡ್ತಾರೆ. ಅದಕ್ಕೆ ಒಂದು ರೂಲ್ ಮಾಡಿ, ಮೌಸ್ ಹಿಡಿದವರು ಮಾತಾಡೋ ಹಾಗಿಲ್ಲ, ಪಕ್ಕದವರು ಹೇಳಿದ್ದನ್ನ ಮಾತ್ರ ಮಾಡ್ಬೇಕು, ಸ್ವಲ್ಪ ಹೊತ್ತಿಗೊಮ್ಮೆ ಜಾಗ ಬದಲಾಯಿಸ್ಬೇಕು. ಗಲಾಟೆ ಆಗುತ್ತೆ, ಆಗ್ಲಿ ಬಿಡಿ, ಆ ಗಲಾಟೆ ಗಣಿತದ್ದು. ಕರೆಂಟ್ ಹೋದ ದಿನಕ್ಕೆ ಚಾರ್ಜ್ ಇರೋ ಒಂದು ಲ್ಯಾಪ್‌ಟಾಪ್ ಸಾಕು, ಇಡೀ ಕ್ಲಾಸಿಗೆ ಊಹೆ ಬರೆಸಿ ಒಬ್ಬೊಬ್ಬರನ್ನೇ ಕರೆದು ಎಳೆಸಿ.

ಪ್ರಶ್ನೆ: ಫೆಟ್ ತರದ್ದು ಬಂದ್ಮೇಲೆ ವಿಜ್ಞಾನದ ಪ್ರಯೋಗ ಎಲ್ಲಾ ಕಂಪ್ಯೂಟರಲ್ಲೇ ತೋರಿಸಿದ್ರೆ ಸಾಕಲ್ವಾ, ನಮ್ಮಲ್ಲಿ ಲ್ಯಾಬ್ ಸಾಮಾನು ಕಮ್ಮಿ.
– ಶಿಕ್ಷಕ, ಮೂರ್ನಾಡು

ಉತ್ತರ: ಸಾಲಲ್ಲ ಸರ್. ಕಂಪ್ಯೂಟರ್ ಒಳಗಿನ ವಯರು ಎಂದೂ ಸಡಿಲ ಆಗಲ್ಲ, ಬಲ್ಬ್ ಹೋಗಲ್ಲ, ನೀವೇ ಬದಲಾಯಿಸೋ ತನಕ ಸೆಲ್ಲೂ ಕುಗ್ಗಲ್ಲ. ಎರಡು ಟಾರ್ಚ್ ಸೆಲ್ಲು, ಎರಡು ಬಲ್ಬು, ತುಂಡು ವಯರು ಗೋಣಿಕೊಪ್ಪದ ಯಾವ ಎಲೆಕ್ಟ್ರಿಕಲ್ ಅಂಗಡೀಲೂ ಸಿಗುತ್ತೆ, ಸರಣಿ ಜೋಡಣೆ, ಸಮಾಂತರ ಜೋಡಣೆ ಎರಡನ್ನೂ ಕೈಯಲ್ಲೇ ಮಾಡಿಸಿ. ಆಮೇಲೆ ಫೆಟ್‌ಗೆ ಹೋಗಿ, ಯಾಕಂದ್ರೆ ವಯರೊಳಗೆ ಎಲೆಕ್ಟ್ರಾನ್ ಓಡೋದನ್ನ ನಿಮ್ಮ ಟಾರ್ಚ್ ಬಲ್ಬ್ ತೋರಿಸಲ್ಲ. ಕಣ್ಣಿಗೆ ಕಾಣದ್ದು, ಕೈಗೆ ಅಪಾಯ ಆಗೋದು, ತುಂಬಾ ನಿಧಾನ ಅಥವಾ ತುಂಬಾ ಬೇಗ ನಡೆಯೋದು, ಇವಕ್ಕೆ ಸಿಮ್ಯುಲೇಶನ್ ಇಟ್ಕೊಳ್ಳಿ.

ಪ್ರಶ್ನೆ: ನಾವಿಬ್ರೂ ತೋಟದ ಕೆಲಸಕ್ಕೆ ಹೋಗೋದು, ಲೈನ್ ಮನೇಲಿ ಇದ್ದೀವಿ. ಫೋನು ಒಂದೇ, ಅದು ಮನೆಯವರ ಹತ್ರ ಇರುತ್ತೆ. ಮಗಳು ಒಂಬತ್ತನೇ ಕ್ಲಾಸು. ಟೀಚರ್ ಹೋಂವರ್ಕ್ ವಾಟ್ಸಾಪಲ್ಲಿ ಹಾಕ್ತಾರಂತೆ, ಇವಳು ನೋಡೋ ಹೊತ್ತಿಗೆ ರಾತ್ರಿ ಆಗಿರುತ್ತೆ, ಕೆಲವೊಮ್ಮೆ ಕರೆನ್ಸೀನೂ ಇರಲ್ಲ. ಸಾಲ ಮಾಡಿ ಟ್ಯಾಬ್ ತೆಗೆದು ಕೊಡ್ಬೇಕಾ?
– ತಾಯಿ, ಸಿದ್ದಾಪುರ

ಉತ್ತರ: ಬೇಡಮ್ಮ, ಸಾಲ ಮಾಡಿ ಟ್ಯಾಬ್ ಖಂಡಿತ ಬೇಡ. ಇದು ನಿಮ್ಮ ತಪ್ಪಲ್ಲ, ಮಗಳ ತಪ್ಪೂ ಅಲ್ಲ. ಶಾಲೆಗೆ ಹೋಗಿ ಕ್ಲಾಸ್ ಟೀಚರ್ ಹತ್ರ ನೇರ ಹೇಳಿ, ನಮ್ಮನೇಲಿ ಫೋನ್ ಸಂಜೆ ಇರಲ್ಲ, ಹೋಂವರ್ಕ್ ಬೋರ್ಡಲ್ಲಿ ಬರೆದು ಡೈರಿಗೆ ಬರೆಸಿ ಅಂತ. ಹೇಳೋಕೆ ಸಂಕೋಚ ಆದ್ರೆ ಈ ಪುಟ ಮಗಳ ಕೈಲಿ ಕೊಟ್ಟು ಕಳ್ಸಿ.

ಇದನ್ನ ಓದ್ತಿರೋ ಟೀಚರುಗಳಿಗೂ ಒಂದು ಮಾತು. ಕೊರೊನಾ ಟೈಮಲ್ಲಿ ಶಾಲೆ ಮುಚ್ಚಿತ್ತು, ಬೇರೆ ದಾರಿ ಇರ್ಲಿಲ್ಲ, ಆಗ ಶುರುವಾದ ವಾಟ್ಸಾಪ್ ಗ್ರೂಪು ಶಾಲೆ ತೆಗೆದು ಇಷ್ಟು ವರ್ಷ ಆದ್ರೂ ನಿಂತಿಲ್ಲ. ಬೆಳಗ್ಗೆಯಿಂದ ಸಂಜೆ ತನಕ ಮಗು ನಿಮ್ಮ ಎದುರಿಗೇ ಇರುತ್ತೆ, ಆಗ ಕೊಡೋದನ್ನ ಬಿಟ್ಟು ರಾತ್ರಿ ಎಂಟಕ್ಕೆ ಪಿಡಿಎಫ್ ಹಾಕೋದು ಯಾವ ಡಿಜಿಟಲ್ ಶಿಕ್ಷಣ ಮಾರಾಯ್ರೆ? ಅಪ್ಪ ಅಮ್ಮಂಗೆ ಮೀಟಿಂಗ್ ವಿಷಯ, ಮಳೆ ರಜೆ ವಿಷಯ ಹೇಳೋಕೆ ಗ್ರೂಪ್ ಇರ್ಲಿ. ಪಾಠ ಅಲ್ಲಿ ಬೇಡ.

ಅಮ್ಮ, ಭಾನುವಾರ ಫೋನ್ ಮನೇಲಿದ್ರೆ ಒಂದು ಕೆಲಸ ಮಾಡ್ಬಹುದು. 2020ರಲ್ಲಿ ಚಂದನ ಟಿವೀಲಿ ಸಂವೇದ ಅಂತ 8, 9, 10ನೇ ಕ್ಲಾಸಿನ ಪಾಠ ಬರ್ತಿತ್ತು, ಅವು ಯೂಟ್ಯೂಬಲ್ಲಿ ಇವೆ, ನಿಧಾನಕ್ಕೆ ಕನ್ನಡದಲ್ಲೇ ಹೇಳ್ತಾರೆ. ಮಗಳಿಗೆ ಕಷ್ಟ ಅನ್ನಿಸಿದ ಪಾಠ ಒಂದನ್ನ ಮಾತ್ರ ಹುಡುಕಿ ನೋಡ್ಲಿ, ಪುಸ್ತಕ ಪಕ್ಕದಲ್ಲಿ ತೆರೆದಿಟ್ಕೊಂಡು. ಪುಸ್ತಕ ಬದಲಾಗಿದ್ರೆ ಪುಸ್ತಕದಲ್ಲಿ ಇರೋದೇ ಸರಿ ಅಂತ ತಗೋಬೇಕು.

ಪ್ರಶ್ನೆ: ನಾನು ಹತ್ತನೇ ಕ್ಲಾಸು. ಪ್ರಾಜೆಕ್ಟ್, ಪ್ರಬಂಧ ಎಲ್ಲಾ ಎಐ ಹತ್ರ ಬರೆಸಿದ್ರೆ ತಪ್ಪಾ? ಎಲ್ರೂ ಹಾಗೇ ಮಾಡ್ತಾರೆ.
– ವಿದ್ಯಾರ್ಥಿ, ವಿರಾಜಪೇಟೆ

ಉತ್ತರ: ನಿಜ ಕೇಳಿದ್ದಕ್ಕೆ ಖುಷಿ ಆಯ್ತು ತಮ್ಮಾ. ತಪ್ಪು ಸರಿ ಆಮೇಲೆ ನೋಡೋಣ, ಮೊದಲು ಲಾಭ ನಷ್ಟ ನೋಡು. ಎಸ್ಸೆಸ್ಸೆಲ್ಸಿ ಹಾಲಲ್ಲಿ ನಿನ್ನ ಹತ್ರ ಇರೋದು ಪೆನ್ನು, ಉತ್ತರಪತ್ರಿಕೆ, ಮೇಲೊಂದು ಕ್ಯಾಮೆರಾ. ವರ್ಷ ಪೂರ್ತಿ ಬೇರೆಯವರು ಬರೆದದ್ದನ್ನ ಕಾಪಿ ಮಾಡಿದ ಕೈಗೆ ಅಲ್ಲಿ ನಾಲ್ಕು ಸಾಲು ಓಡಲ್ಲ.

ಇನ್ನೊಂದು ಸಣ್ಣ ಪರೀಕ್ಷೆ ಮಾಡಿ ನೋಡು. ನಿನಗೆ ಚೆನ್ನಾಗಿ ಗೊತ್ತಿರೋದನ್ನ ಅದರ ಹತ್ರ ಕನ್ನಡದಲ್ಲಿ ಕೇಳು, ನಿಮ್ಮೂರಿನ ಪುತ್ತರಿ ಹೇಗೆ ನಡೆಯುತ್ತೆ ಅಂತಲೋ, ನಿಮ್ಮ ಐನ್‌ಮನೆ ಬಗ್ಗೆನೋ, ನಿಮ್ಮ ಹೊಳೆ ಎಲ್ಲಿ ಹೋಗಿ ಕಾವೇರಿಗೆ ಸೇರುತ್ತೆ ಅಂತಲೋ. ಭಾಳ ಧೈರ್ಯವಾಗಿ, ಒಳ್ಳೇ ಗ್ರಂಥಸ್ಥ ಕನ್ನಡದಲ್ಲಿ ಅರ್ಧ ತಪ್ಪು ಹೇಳೋ ಸಾಧ್ಯತೆ ಜಾಸ್ತಿ. ಗೊತ್ತಿರೋ ವಿಷಯದಲ್ಲೇ ಹೀಗಾದ್ರೆ ಗೊತ್ತಿಲ್ಲದ ವಿಷಯದಲ್ಲಿ ಅದು ತಪ್ಪು ಹೇಳಿದ್ದು ನಿನಗೆ ಹೇಗೆ ಗೊತ್ತಾಗುತ್ತೆ?

ಉಪಯೋಗಿಸಲೇಬೇಡ ಅಂತ ನಾನು ಹೇಳಲ್ಲ. ನೀನೇ ಉತ್ತರ ಬರಿ, ಆಮೇಲೆ ಅದಕ್ಕೆ ಹಾಕಿ 'ಇದರಲ್ಲಿ ಏನು ಬಿಟ್ಟಿದ್ದೀನಿ, ಸರಿ ಉತ್ತರ ಹೇಳ್ಬೇಡ, ಸುಳಿವು ಮಾತ್ರ ಕೊಡು' ಅಂತ ಕೇಳು. ಇಲ್ಲಾ ಪಾಠ ಹಾಕಿ ಹತ್ತು ಪ್ರಶ್ನೆ ಕೇಳೋಕೆ ಹೇಳು, ಉತ್ತರ ನೀನು ಕೊಡು. ಕೊನೆಗೆ ಟೆಕ್ಸ್ಟ್‌ಬುಕ್ ಜೊತೆ ತಾಳೆ ನೋಡು. ಕ್ಲಾಸಲ್ಲಿ ಎಐ ಬಳಸೋಕೆ ಕನಿಷ್ಠ 13 ವರ್ಷ ಆಗಿರ್ಲಿ ಅಂತ ಯುನೆಸ್ಕೋ 2023ರಲ್ಲೇ ಹೇಳಿದೆ, ನೀನು ಅದನ್ನ ದಾಟಿದ್ದೀಯ, ಆದ್ರೂ ಮನೇಲಿ ಹೇಳಿಯೇ ಬಳಸು. ನಿನ್ನ ಫೋಟೋ, ವಿಳಾಸ, ಮನೆ ವಿಷಯ ಯಾವುದನ್ನೂ ಅದರಲ್ಲಿ ಹಾಕ್ಬೇಡ.

ಪ್ರಶ್ನೆ: ಹಳೇ ನೋಟ್ಸು, ಪ್ರಶ್ನೆಪತ್ರಿಕೆ ಎಲ್ಲಾ ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು. ಮಕ್ಕಳಿಗೆ ಕಳ್ಸಿದ್ರೆ ಫೋನಲ್ಲಿ ಇಂಗ್ಲಿಷ್ ಅಕ್ಷರದ ತಲೆ ಮೇಲೆ ಕೊಂಬು ಚುಕ್ಕಿ ಬಂದು ಏನೇನೋ ಕಾಣುತ್ತೆ.
– ಕನ್ನಡ ಶಿಕ್ಷಕ, ಶನಿವಾರಸಂತೆ

ಉತ್ತರ: ಸರ್, ಫೈಲ್ ಹಾಳಾಗಿಲ್ಲ, ಹೆದರ್ಬೇಡಿ. ಹಳೇ ನುಡಿ ಅಕ್ಷರಗಳು ಒಳಗೆ ಇಂಗ್ಲಿಷ್ ಸಂಕೇತಗಳೇ, ಆ ಫಾಂಟ್ ಇದ್ದ ಕಂಪ್ಯೂಟರಲ್ಲಿ ಮಾತ್ರ ಕನ್ನಡ ಥರ ಕಾಣ್ತವೆ. ಯೂನಿಕೋಡ್ ಅನ್ನೋ ಜಾಗತಿಕ ಪದ್ಧತೀಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ, ಅದಕ್ಕೇ ಫೋನ್, ಟ್ಯಾಬ್, ಎಲ್ಲಾ ಕಡೆ ಸರಿ ಕಾಣೋದು, ಹುಡುಕಿದ್ರೂ ಸಿಗೋದು. ಹಳೇದನ್ನ ಯೂನಿಕೋಡ್‌ಗೆ ಬದಲಾಯಿಸೋ ಪರಿವರ್ತಕಗಳು ಪುಕ್ಕಟೆ ಇವೆ, ಹಾಕಿ ಬದಲಾಯಿಸಿ. ಆದ್ರೆ ಹಾಗೇ ಪ್ರಿಂಟಿಗೆ ಕಳ್ಸಬೇಡಿ. ಅರ್ಕಾವತ್ತು, ಒತ್ತಕ್ಷರ, ಅಂಕಿ, ಉದ್ಧರಣ ಚಿಹ್ನೆ ಇವಿಷ್ಟರಲ್ಲಿ ತಪ್ಪು ನುಸುಳುತ್ತೆ, ಕನ್ನಡ ಮೇಷ್ಟ್ರ ಪ್ರಶ್ನೆಪತ್ರಿಕೇಲಿ ಒತ್ತು ತಪ್ಪಿದ್ರೆ ಮಕ್ಕಳು ಬಿಡ್ತಾರಾ!

ಇವತ್ತಿಂದ ಹೊಸದು ಏನೇ ಟೈಪ್ ಮಾಡಿದ್ರೂ ಯೂನಿಕೋಡಲ್ಲೇ ಮಾಡಿ. ಕೈಗೆ ಹೊಸ ಅಭ್ಯಾಸ ಬೇಕಾಗಿಲ್ಲ, ನೀವು ಕಲಿತ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಅಲ್ಲೂ ಸಿಗುತ್ತೆ, ಒತ್ತಕ್ಷರಕ್ಕೆ ಅದೇ ಎಫ್ ಕೀ.

ಪ್ರಶ್ನೆ: ಬೇಸಿಗೆ ರಜೆ ಮುಗಿಸಿ ಬಂದು ಕಂಪ್ಯೂಟರ್ ಹಾಕಿದ್ರೆ ತಾರೀಕು ಎಷ್ಟೋ ವರ್ಷ ಹಿಂದಿಂದು ತೋರಿಸುತ್ತೆ, ಯಾವ ವೆಬ್‌ಸೈಟ್ ತೆರೆದ್ರೂ ಸುರಕ್ಷಿತ ಅಲ್ಲ ಅನ್ನುತ್ತೆ. ವೈರಸ್ಸಾ?
– ಶಿಕ್ಷಕಿ, ಸುಂಟಿಕೊಪ್ಪ

ಉತ್ತರ: ಅಲ್ಲ. ಮದರ್‌ಬೋರ್ಡ್ ಮೇಲೆ ಒಂದು ಗುಂಡು ಸೆಲ್ ಇರುತ್ತೆ, ಹೆಚ್ಚಿನದರಲ್ಲಿ ಸಿಆರ್ 2032, 3 ವೋಲ್ಟಿಂದು, ಅದು ಸತ್ತಿದೆ. ತಾರೀಕು ತಪ್ಪಿದ್ರೆ ವೆಬ್‌ಸೈಟಿನ ಸರ್ಟಿಫಿಕೇಟ್ ದಿನಾಂಕ ತಾಳೆ ಆಗಲ್ಲ, ಅದಕ್ಕೇ ಆ ಎಚ್ಚರಿಕೆ. ಆ ಸೆಲ್ ವಾಚ್ ಅಂಗಡೀಲೂ ಸಿಗುತ್ತೆ, ಕರೆಂಟ್ ಪ್ಲಗ್ ತೆಗೆದು ಬದಲಾಯಿಸಿ, ತಾರೀಕು ಸರಿ ಮಾಡಿ. ಯುಪಿಎಸ್ ಬ್ಯಾಟರಿಯದ್ದೂ ಇದೇ ಹಾಡು, ಏಪ್ರಿಲ್ ಮೇ ಪೂರ್ತಿ ಚಾರ್ಜ್ ಇಲ್ದೆ ಬಿಟ್ರೆ ಜೂನ್‌ನಲ್ಲಿ ಎದ್ದೇಳಲ್ಲ, ರಜೇಲೂ ಯಾರಾದ್ರೂ ತಿಂಗಳಿಗೊಮ್ಮೆ ಹೋಗಿ ಚಾರ್ಜ್‌ಗೆ ಹಾಕ್ಬೇಕು. ಆದ್ರೆ ಮೇ ತಿಂಗಳ ಗುಡುಗು ಮಳೆಗೆ ಅದನ್ನ ಪ್ಲಗ್‌ನಲ್ಲೇ ಬಿಟ್ಟು ಬರೋದೂ ತಪ್ಪು. ಸಿಡಿಲು ನೆಟ್‌ವರ್ಕ್ ಕೇಬಲಲ್ಲೂ ಬರುತ್ತೆ, ಅದನ್ನೂ ಕಿತ್ತಿಡಿ. ಮಳೆಗಾಲದಲ್ಲಿ ವಾರಕ್ಕೆರಡು ಸಲ ಎಲ್ಲಾ ಮೆಷಿನ್ ಸ್ವಲ್ಪ ಹೊತ್ತು ಓಡಿಸಿ, ಬಿಸಿಗೆ ಒಳಗಿನ ತೇವ ಆರುತ್ತೆ. ಪ್ಲಾಸ್ಟಿಕ್ ಹೊದಿಕೆ ಹಾಕಿ ಬಿಗಿದಿಟ್ರೆ ಬೂಷ್ಟು ಗ್ಯಾರಂಟಿ.

ಪ್ರಶ್ನೆ: ಹಳೇ ವಿದ್ಯಾರ್ಥಿಗಳೆಲ್ಲಾ ಸೇರಿ ಶಾಲೆಗೆ ಎರಡು ಲಕ್ಷ ಒಟ್ಟು ಮಾಡಿದ್ದೀವಿ. ಸ್ಮಾರ್ಟ್ ಬೋರ್ಡ್ ಕೊಡೋದಾ, ಮಕ್ಕಳಿಗೆ ಟ್ಯಾಬ್ ಕೊಡೋದಾ ಅಂತ ಜಗಳ ನಡೀತಿದೆ.
– ಸೋಮವಾರಪೇಟೆ ತಾಲೂಕು

ಉತ್ತರ: ಎರಡೂ ಬೇಡ ಅಂದ್ರೆ ಎರಡು ಪಾರ್ಟಿಯವರಿಗೂ ಸಿಟ್ಟು ಬರುತ್ತೆ, ಆದ್ರೂ ಹೇಳ್ತೀನಿ. ಪೆರು ದೇಶದಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಅಂತ ದೊಡ್ಡ ಯೋಜನೆ ಮಾಡಿ ಹಳ್ಳಿ ಶಾಲೆಗಳಿಗೆ ಹಂಚಿದ್ರು, 2012ರಲ್ಲಿ ಅಧ್ಯಯನ ಮಾಡಿ ನೋಡಿದ್ರೆ ಗಣಿತದಲ್ಲೂ ಭಾಷೆಯಲ್ಲೂ ಹೇಳಿಕೊಳ್ಳೋ ಸುಧಾರಣೆ ಕಾಣಲಿಲ್ಲ. ಅದೇ ದೆಹಲೀಲಿ ಶಾಲೆ ಬಿಟ್ಟ ಮೇಲೆ ನಡೀತಿದ್ದ ಕೇಂದ್ರಗಳಲ್ಲಿ ಪ್ರತಿ ಮಗು ಎಲ್ಲಿದೆಯೋ ಅಲ್ಲಿಂದಲೇ ಲೆಕ್ಕ ಕೊಡೋ ಸಾಫ್ಟ್‌ವೇರ್ ಬಳಸಿದಾಗ ಒಳ್ಳೇ ಲಾಭ ಆಯ್ತು ಅಂತ 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತೆ. ಸಾಮಾನು ಹಂಚಿದ್ದಕ್ಕೂ ಅದರಲ್ಲಿ ಏನು ಮಾಡಿಸಿದ್ರು ಅನ್ನೋದಕ್ಕೂ ಅಷ್ಟು ವ್ಯತ್ಯಾಸ ಇದೆ.

ನಿಮ್ಮ ದುಡ್ಡಲ್ಲಿ ಮೊದಲು ಶಾಲೇಲಿ ಸುಮ್ನೆ ಕೂತಿರೋ ಹಳೇ ಕಂಪ್ಯೂಟರ್‌ಗಳನ್ನ ಎಬ್ಬಿಸಿ. ವಿಂಡೋಸ್ 10ಕ್ಕೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ಕೊಡೋದು 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಹಳೇ ಮೆಷಿನ್‌ಗಳು 11ನ್ನ ತಗೊಳ್ಳಲ್ಲ, ಹಾಗಂತ ಗುಜರಿಗೆ ಹಾಕ್ಬೇಡಿ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಏರಿಸಿ, ವಿಂಡೋಸ್ ಬದಲು ಪುಕ್ಕಟೆ ಸಿಗೋ ಲಿನಕ್ಸ್ ಹಾಕಿಸಿ. ಮಾಕುಟ್ಟ ಗೇಟ್ ದಾಟಿದ್ರೆ ಕೇರಳ, ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸೇ ಓಡ್ತಿದೆ. ಅವರಿಂದ ಇನ್ನೊಂದೂ ಕಲೀಬಹುದು, 2018ರಿಂದ ಲಿಟಲ್ ಕೈಟ್ಸ್ ಅಂತ ಹೈಸ್ಕೂಲ್ ಮಕ್ಕಳ ಐಟಿ ಕ್ಲಬ್ ಮಾಡಿದ್ದಾರೆ. ನಿಮ್ಮ ಶಾಲೇಲೂ ಆಸಕ್ತಿ ಇರೋ ನಾಲ್ಕು ಮಕ್ಕಳಿಗೆ ಲ್ಯಾಬ್ ನೋಡ್ಕೊಳ್ಳೋ ಜವಾಬ್ದಾರಿ ಕೊಡ್ಸಿ.

ಆಮೇಲೆ ಒಂದು ದೊಡ್ಡ ಟಿವಿ, ಟಚ್ ಬೇಡ, ಮಾಮೂಲಿ ಟಿವಿ ಸಾಕು. ಲ್ಯಾಂಪ್ ಪ್ರೊಜೆಕ್ಟರ್‌ಗಿಂತ ಕರೆಂಟ್ ಕಮ್ಮಿ ತಗೊಳ್ಳುತ್ತೆ, ಇನ್ವರ್ಟರಲ್ಲಿ ಓಡುತ್ತೆ, ಲೆನ್ಸಿಗೆ ಬೂಷ್ಟು ಹಿಡಿಯೋ ತಲೆನೋವಿಲ್ಲ. ಒಂದು ಒಳ್ಳೇ ಇನ್ವರ್ಟರ್, ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡೋದು. ಉಳಿದದ್ದನ್ನ ಖರ್ಚು ಮಾಡ್ಬೇಡಿ, ಶಾಲೆ ಹೆಸರಲ್ಲಿ ಬ್ಯಾಂಕಲ್ಲಿಡಿ. ಉದ್ಘಾಟನೆ ದಿನ ರಿಬ್ಬನ್ ಕತ್ತರಿಸೋಕೆ ಎಲ್ರೂ ಬರ್ತಾರೆ, ಎರಡು ವರ್ಷ ಕಳೆದು ಬ್ಯಾಟರಿ ಹೋದಾಗ ಹೆಡ್‌ಮಾಸ್ಟ್ರು ಒಬ್ರೇ ಇರ್ತಾರೆ.

ಪ್ರಶ್ನೆ: ನಮ್ಮಲ್ಲಿ ಎಂಟನೇ ಕ್ಲಾಸಿಗೆ ಬರೋ ಯರವ ಬುಡಕಟ್ಟಿನ ಮಕ್ಕಳು ಕನ್ನಡ ಓದೋಕೆ ತುಂಬಾ ತಡವರಿಸ್ತಾರೆ, ನಾಚಿಕೆಗೆ ಬಾಯೇ ಬಿಡಲ್ಲ. ಡಿಜಿಟಲ್ ಆಗಿ ಏನಾದ್ರೂ ಇದೆಯಾ?
– ಶಿಕ್ಷಕಿ, ತಿತಿಮತಿ

ಉತ್ತರ: ಇದೆ ಮೇಡಂ, ನಿಮ್ಮ ಫೋನಿನ ರೆಕಾರ್ಡರ್. ಒಂದು ಪ್ಯಾರಾ ನೀವು ಓದಿ ರೆಕಾರ್ಡ್ ಮಾಡಿ, ಮಗು ಒಂದು ಮೂಲೇಲಿ ಇಯರ್‌ಫೋನ್ ಹಾಕ್ಕೊಂಡು ಅಕ್ಷರದ ಮೇಲೆ ಬೆರಳಿಟ್ಟು ಕೇಳ್ಲಿ, ಆಮೇಲೆ ತಾನೇ ಓದಿ ರೆಕಾರ್ಡ್ ಮಾಡ್ಲಿ. ಚೆನ್ನಾಗಿ ಬಂದಿಲ್ಲ ಅಂದ್ರೆ ಅಳಿಸಿ ಮತ್ತೆ ಮಾಡ್ಲಿ, ಯಾರೂ ನಗಲ್ಲ ಅನ್ನೋದೇ ಇಲ್ಲಿ ದೊಡ್ಡದು. ತನಗೆ ಒಪ್ಪಿಗೆ ಆದ್ಮೇಲೆ ಮಾತ್ರ ನಿಮಗೆ ಕೇಳಿಸ್ಲಿ. ಓದೋಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಹಂತ ಹಂತವಾಗಿ ಪುಕ್ಕಟೆ ಇವೆ, ಇಳಿಸ್ಕೊಂಡು ಪ್ರಿಂಟೂ ಹಾಕ್ಬಹುದು. ಎಂಟನೇ ಕ್ಲಾಸಿನವರಿಗೆ ಪುಟ್ಟ ಮಕ್ಕಳ ಕಥೆ ಕೊಟ್ರೆ ಅವಮಾನ ಆಗುತ್ತೆ, ಕಾಡು, ಆನೆ, ಜೇನು ಇರೋ ಕಥೆ ಆರಿಸಿ. ಅವರ ಭಾಷೇಲೇ ಅಜ್ಜಿ ಹೇಳಿದ ಕಥೆ ರೆಕಾರ್ಡ್ ಮಾಡ್ಕೊಂಡು ಬರೋಕೆ ಹೇಳಿ, ಅದನ್ನ ಕ್ಲಾಸಲ್ಲಿ ಕೇಳಿಸಿ ಕನ್ನಡದಲ್ಲಿ ಬರೆಸಿ, ಆಗ ಬಾಯಿ ಬಿಡೋ ಸರದಿ ಅವರದ್ದು.

ಪ್ರಶ್ನೆ: ನಿವೃತ್ತಿಗೆ ಮೂರು ವರ್ಷ ಇದೆ. ಸಮಾಜ ವಿಜ್ಞಾನ ನಂದು. ಕಂಪ್ಯೂಟರ್ ವಿಷಯದಲ್ಲಿ ಮಕ್ಕಳಿಗೇ ನನಗಿಂತ ಜಾಸ್ತಿ ಗೊತ್ತು, ಅವರ ಮುಂದೆ ಒದ್ದಾಡೋದು ಬೇಕಾ?
– ಶಿಕ್ಷಕ, ಕುಶಾಲನಗರ

ಉತ್ತರ: ಒದ್ದಾಡೋದು ಬೇಡ ಸರ್, ಅವರ ಕೈಲೇ ಮಾಡಿಸಿ, ಪ್ರಶ್ನೆ ನೀವು ಕೇಳಿ. ನಿಮ್ಮ ಸಬ್ಜೆಕ್ಟಿಗೆ ಉಪಗ್ರಹ ಚಿತ್ರ ತೋರಿಸೋ ಗೂಗಲ್ ಅರ್ಥ್ ಪ್ರೊ ಒಂದಿದ್ರೆ ಸಾಕು. ತಲಕಾವೇರಿಯಿಂದ ಶುರು ಮಾಡಿ ಹೊಳೆ ಹಿಡ್ಕೊಂಡು ಬನ್ನಿ, ಕೂಡಿಗೇಲಿ ಹಾರಂಗಿ ಬಂದು ಸೇರೋದು ಕಾಣುತ್ತೆ, ನಿಮ್ಮ ಮಕ್ಕಳಲ್ಲಿ ಅರ್ಧ ಜನ ದಿನಾ ನೋಡೋ ಜಾಗ. ಅದರಲ್ಲಿ ಹಳೇ ವರ್ಷದ ಚಿತ್ರ ನೋಡೋ ಬಟನ್ ಇದೆ. ಮಕ್ಕಂದೂರು, ಜೋಡುಪಾಲ ಕಡೆ ಹೋಗಿ, ಗುಡ್ಡ ಜರಿದ 2018ರ ಆಗಸ್ಟ್‌ಗೆ ಮೊದಲಿನ ಚಿತ್ರ, ಆಮೇಲಿನ ಚಿತ್ರ ಪಕ್ಕ ಪಕ್ಕ ತೋರಿಸಿ. ಹಸಿರು ಗುಡ್ಡದಲ್ಲಿ ಕೆಂಪು ಗೀರುಗಳು ಎದ್ದು ಕಾಣ್ತವೆ. ಎಲ್ಲಿ ಜರಿದಿದೆ, ಅಲ್ಲಿ ಇಳಿಜಾರು ಹೇಗಿದೆ, ಮೊದಲು ರಸ್ತೆ ಕಡಿದಿದ್ರಾ, ಮರ ಇತ್ತಾ ಅಂತ ನೀವು ಕೇಳ್ತಾ ಹೋಗಿ, ಅವರು ಹುಡುಕ್ತಾ ಹೋಗ್ಲಿ. ಈ ಪ್ರಶ್ನೆ ಕೇಳೋಕೆ ನಿಮ್ಮ ಅಷ್ಟು ವರ್ಷದ ಅನುಭವ ಬೇಕು, ಮೌಸ್ ಹಿಡಿಯೋಕೆ ಬೇಡ.

ಎರಡು ಎಚ್ಚರಿಕೆ. ಆ ವರ್ಷ ಮನೆ ಕಳ್ಕೊಂಡ ಕುಟುಂಬದ ಮಕ್ಕಳು ಕ್ಲಾಸಲ್ಲಿ ಇರ್ಬಹುದು, ಮೊದಲೇ ವಿಚಾರಿಸ್ಕೊಳ್ಳಿ, ಅವರಿಗೆ ಇಷ್ಟ ಇಲ್ಲ ಅಂದ್ರೆ ಬೇರೆ ಜಾಗ ಆರಿಸಿ. ಇನ್ನೊಂದು, ಇದಕ್ಕೆ ನೆಟ್ ಬೇಕು, ಹಾಗಾಗಿ ಬಿಸಿಲಿರೋ ದಿನ ಇಬ್ಬರು ಮಕ್ಕಳನ್ನ ಕೂರಿಸ್ಕೊಂಡು ಬೇಕಾದ ಚಿತ್ರಗಳ ಸ್ಕ್ರೀನ್‌ಶಾಟ್ ತೆಗೆಸಿ, ವರ್ಷದ ಹೆಸರು ಹಾಕಿ ಒಂದು ಫೋಲ್ಡರಲ್ಲಿ ಇಡ್ಸಿ.